ಸರೀಸೃಪಗಳ ಗೂಡಿಗೆ ಕಾಡಿನ ಕೊರಡು

ಹಲ್ಲಿ, ಹಾವು, ಆಮೆ ಮೊದಲಾದ ಸರೀಸೃಪಗಳನ್ನು ಗಾಜಿನ ಪೆಟ್ಟಿಗೆಯಲ್ಲಾಗಲಿ ಮೃಗಾಲಯದ ಆವರಣದಲ್ಲಾಗಲಿ ಇರಿಸಿ ಪೋಷಿಸುವವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ, ಮೇಲ್ನೋಟಕ್ಕೆ ಅತ್ಯಲ್ಪವೆನಿಸಿದರೂ ಉತ್ತರದಲ್ಲಿ ಬಹಳ ಭಿನ್ನಾಭಿಪ್ರಾಯವನ್ನು ಹುಟ್ಟಿಸುವ ಪ್ರಶ್ನೆಯೊಂದುಂಟು: ಕಾಡಂಚಿನಲ್ಲೋ ತೋಟದಲ್ಲೋ ಹೊಳೆಯ ದಂಡೆಯಲ್ಲೋ ಬಿದ್ದಿದ್ದ ಕೊಂಬೆಯನ್ನು ತಂದು ಪ್ರಾಣಿಯ ಮುಂದಿಡುವ ಮೊದಲು ಅದಕ್ಕೆ ಯಾವ ಸಂಸ್ಕಾರ ಆಗಬೇಕು? ಕುದಿಸಬೇಕೆನ್ನುವವರು ಒಂದು ಪಕ್ಷ, ಓವನ್ನಿನಲ್ಲಿ ಬಿಸಿಮಾಡಬೇಕೆನ್ನುವವರು ಇನ್ನೊಂದು ಪಕ್ಷ, ಬ್ಲೀಚಿಂಗ್ ದ್ರಾವಣದಲ್ಲಿ ನೆನಸಬೇಕೆನ್ನುವವರು ಮತ್ತೊಂದು. ಕಾಡಿನಲ್ಲಿ ಹುಟ್ಟಿ ಬೆಳೆಯುವ ಹಾವಿಗೆ ಕಾಡಿನ ಕಟ್ಟಿಗೆಯನ್ನು ಶುದ್ಧಿಮಾಡಿಕೊಡುವವರಾರು, ಇದೆಲ್ಲ ವೃಥಾ ಪ್ರಯಾಸ ಎಂದು ನಗುವವರೂ ಇಲ್ಲದಿಲ್ಲ. ಈ ಪಕ್ಷಗಳೆಲ್ಲವೂ ಶುದ್ಧಿಯ ವಿಧಾನವನ್ನು ಕುರಿತು ವಾದಿಸುತ್ತವೆಯೇ ಹೊರತು, ಯಾವ ಮರ, ಎಲ್ಲಿಯ ಮರ ಎಂಬ ಪೂರ್ವಪ್ರಶ್ನೆಯನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಪಾಯದ ಹೆಚ್ಚಿನ ಪಾಲು ಒಲೆಯ ಬಳಿಗೆ ಬರುವ ಮೊದಲೇ ತೀರ್ಮಾನವಾಗಿಹೋಗಿರುತ್ತದೆ.

ಕೊರಡು ಏಕೆ ಬೇಕೆಂಬುದನ್ನು ದೀರ್ಘವಾಗಿ ವಿವರಿಸಬೇಕಾಗಿಲ್ಲ. ಶರೀರದ ಉಷ್ಣತೆಯನ್ನು ತಾವೇ ಉತ್ಪಾದಿಸಿಕೊಳ್ಳಲಾರದ ಈ ಜೀವಿಗಳು ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಸರಿದಾಡಿ ಮೈಯ ಶಾಖವನ್ನು ಹದದಲ್ಲಿಟ್ಟುಕೊಳ್ಳುತ್ತವೆ. ಪೆಟ್ಟಿಗೆಯ ಒಂದು ಮೂಲೆಯ ದೀಪದ ಕೆಳಗಿನಿಂದ ಇನ್ನೊಂದು ಮೂಲೆಯ ತಂಪಿನವರೆಗೆ ಓರೆಯಾಗಿ ಚಾಚಿದ ಕೊಂಬೆಯೊಂದು ಅವುಗಳಿಗೆ ಈ ಸರಿದಾಟದ ಹಾದಿಯಾಗುತ್ತದೆ. ಪೊರೆ ಕಳಚುವ ಹಾವಿಗೆ ಮೂತಿಯನ್ನು ಉಜ್ಜಲು ಒರಟು ತೊಗಟೆ ಬೇಕು. ಇಗ್ವಾನದಂಥ ವೃಕ್ಷವಾಸಿಗೆ ಉಗುರೂರಲು ಹಿಡಿತ ಬೇಕು. ಮರದ ಮೇಲೆ ಸುರುಳಿಯಾಗಿ ಕೂರುವ ಹಸಿರು ಹೆಬ್ಬಾವಿಗೆ ಅದರ ಮೈಯ ದಪ್ಪಕ್ಕೆ ಒಪ್ಪುವ ಅಡ್ಡಗೋಲು ಬೇಕು. ಪ್ಲಾಸ್ಟಿಕ್ಕಿನ ಕೊಂಬೆ ಇವುಗಳಲ್ಲಿ ಕೆಲವನ್ನು ಪೂರೈಸೀತು, ಎಲ್ಲವನ್ನೂ ಅಲ್ಲ.

ಮುಂದಕ್ಕೆ ಹೋಗುವ ಮೊದಲು ಕಾನೂನಿನ ಮಾತನ್ನು ಹೇಳಿ ಮುಗಿಸುವುದು ಯುಕ್ತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮ ನಾಡಿನ ನಾಗರಹಾವು, ಹೆಬ್ಬಾವು, ಉಡ, ನಕ್ಷತ್ರ ಆಮೆ ಇವನ್ನು ಮನೆಯಲ್ಲಿ ಸಾಕುವುದು ಅಪರಾಧ. ಅವುಗಳ ಪೋಷಣೆ ಮೈಸೂರು, ಬನ್ನೇರುಘಟ್ಟ, ಪಿಲಿಕುಳಗಳಂಥ ಅಧಿಕೃತ ಸ್ಥಳಗಳಿಗೆ ಸೇರಿದ ಕಾರ್ಯ. ಬೆಂಗಳೂರಿನಂಥ ನಗರಗಳಲ್ಲಿ ಈಗ ಕಾಣಸಿಗುವ ಬಾಲ್ ಪೈಥಾನ್, ಬಿಯರ್ಡೆಡ್ ಡ್ರ್ಯಾಗನ್, ಇಗ್ವಾನ ಮುಂತಾದ ಪರದೇಶದ ಜೀವಿಗಳ ವಿಷಯದಲ್ಲಿ, ವನ್ಯಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವವುಗಳನ್ನು ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸಿವೆ. ಪ್ರಾಣಿಯ ಸಂಗತಿ ಹಾಗಿರಲಿ, ಕಟ್ಟಿಗೆಯ ಸಂಗತಿಯನ್ನು ಮರೆಯುವವರೇ ಹೆಚ್ಚು: ಅಭಯಾರಣ್ಯದಿಂದಾಗಲಿ ರಾಷ್ಟ್ರೀಯ ಉದ್ಯಾನದಿಂದಾಗಲಿ ಅನುಮತಿಯಿಲ್ಲದೆ ಒಣಕೊಂಬೆಯನ್ನು ಹೊತ್ತು ತರುವುದಕ್ಕೂ ಅದೇ ಕಾಯಿದೆ ಅಡ್ಡಬರುತ್ತದೆ. ಅದು ನ್ಯಾಯವೂ ಹೌದು. ಬಿದ್ದ ಮರದ ಪೊಟರೆಯಲ್ಲಿ ಹಲ್ಲಿಯೋ ಅರಣೆಯೋ ಅದಾಗಲೇ ವಾಸವಾಗಿದ್ದು, ನಮ್ಮ ಗೂಡಿನ ಅಲಂಕಾರಕ್ಕಾಗಿ ಅವುಗಳ ಮನೆಯನ್ನು ಕೀಳುವುದು ಸರೀಸೃಪಪ್ರಿಯರೆನಿಸಿಕೊಂಡವರಿಗೆ ಶೋಭಿಸುವ ಕೆಲಸವಲ್ಲ. ಸ್ವಂತ ತೋಟ, ಪರಿಚಿತರ ಹಿತ್ತಲು, ಮಳೆಗಾಳಿಗೆ ಉರುಳಿದ ಬೀದಿಮರ ಇವೇ ಕಟ್ಟಿಗೆಗೆ ತಕ್ಕ ಮೂಲಗಳು.

ಇನ್ನು ಅಪಾಯಗಳು. ಇವನ್ನು ಸಜೀವ, ನಿರ್ಜೀವ ಎಂದು ವಿಭಾಗಿಸಿಕೊಳ್ಳದಿರುವುದರಿಂದಲೇ ಮೇಲೆ ಹೇಳಿದ ವಾದಗಳೆಲ್ಲ ಗೋಜಲಾಗುತ್ತವೆ. ಕೀಟ, ಉಣ್ಣೆ, ಶಿಲೀಂಧ್ರ, ಸೂಕ್ಷ್ಮಜೀವಿ ಇವು ಸಜೀವವಾದವು. ಇವುಗಳನ್ನು ಶಾಖ ಕೊಲ್ಲುತ್ತದೆ. ಮರದ ಸ್ವಂತ ವಿಷ, ರಾಳ, ಸಿಂಪಡಿಸಿದ ಔಷಧ, ಬಣ್ಣ, ಉಪ್ಪು ಇವು ನಿರ್ಜೀವವಾದವು. ಶಾಖಕ್ಕೆ ಇವುಗಳ ಮೇಲೆ ಅಧಿಕಾರವೇ ಇಲ್ಲ ಎನ್ನುವಷ್ಟು ಕಡಮೆ. ಕಣಗಿಲೆಯ ಕೊಂಬೆಯನ್ನು ಎಷ್ಟು ಹೊತ್ತು ಕುದಿಸಿದರೂ ಅದು ಕಣಗಿಲೆಯೇ. ಒಣಗಿದ ಮೇಲೂ ಅದರಲ್ಲಿನ ಹೃದಯಸ್ತಂಭಕ ವಿಷ ನಾಶವಾಗುವುದಿಲ್ಲ.

ಆದುದರಿಂದ ಮೊದಲು ಮರವನ್ನು ಗುರುತಿಸಬೇಕು. ಎಲೆಯಿಲ್ಲದೆ ಬಿದ್ದ ಒಣಕೊರಡಿನ ಕುಲವನ್ನು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಅಂಥದ್ದನ್ನು ಅಲ್ಲಿಯೇ ಬಿಡುವುದು ಲೇಸು. ನಮ್ಮ ಮಲೆನಾಡಿನಲ್ಲಿ ಈ ಎಚ್ಚರಿಕೆಗೆ ವಿಶೇಷವಾದ ಕಾರಣವಿದೆ. ಹೊಳಗೇರಿನ ರಸ ತಾಗಿ ಮೈಯೆಲ್ಲ ಬೊಬ್ಬೆಯೆದ್ದವರನ್ನು ಕಾಣದ ಊರು ಪಶ್ಚಿಮಘಟ್ಟದಲ್ಲಿ ವಿರಳ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಕರಾವಳಿಯ ಗುಡ್ಡಗಳನ್ನು ತುಂಬಿರುವ ಗೋಡಂಬಿಯ ಗೇರು, ಇವೆಲ್ಲ ಅದೇ ವಂಶದವು, ಅದೇ ಬಗೆಯ ಸುಡುವ ಎಣ್ಣೆಯುಳ್ಳವು. ಮಾವೂ ಈ ವಂಶದ್ದೇ ಎಂಬುದು ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಆಶ್ಚರ್ಯವಾಗಲಾರದು. ಆದರೆ ಚೆನ್ನಾಗಿ ಒಣಗಿ ಸೊನೆ ಬತ್ತಿದ ಮಾವಿನ ಕೊಂಬೆಯನ್ನು ಸಾಕುವವರು ನಿಶ್ಚಿಂತೆಯಿಂದ ಬಳಸುತ್ತಾರೆ. ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್ ವರ್ಗದ ವಿಷವನ್ನು ಹೊತ್ತ ಕಾಸರಕ, ಹಾಲು ಸುರಿಸುವ ಕಳ್ಳಿಗಳು, ಬೇಲಿಯ ಹಳದಿ ಕಣಗಿಲೆ ಇವು ಸರ್ವಥಾ ವರ್ಜ್ಯ. ಸೀಬೆ, ನೇರಳೆ, ಹುಣಸೆ, ಹಲಸು, ಸಪೋಟ, ಕಾಫಿ ಇವು ಗ್ರಾಹ್ಯ. ಇವುಗಳಲ್ಲಿಯೂ ಸೀಬೆಗೆ ನಾನು ಅಗ್ರಸ್ಥಾನ ಕೊಡುವೆನು, ಏಕೆಂದರೆ ಅದರ ತೊಗಟೆ ತಾನಾಗಿಯೇ ಹಾಳೆ ಹಾಳೆಯಾಗಿ ಸುಲಿದುಹೋಗಿ, ಒಳಗಿನ ಮರ ಗಟ್ಟಿಯಾಗಿಯೂ ನಯವಾಗಿಯೂ ಇದ್ದು, ಕವಲುಗಳು ಹತ್ತುವ ಪ್ರಾಣಿಗೆ ಅನುಕೂಲವಾಗುವಂತೆ ತಿರುಚಿಕೊಂಡಿರುತ್ತವೆ.

ಪಾಶ್ಚಾತ್ಯ ಸಾಕುವವರ ಗ್ರಂಥಗಳಲ್ಲಿ ಪೈನ್, ಸೀಡರ್ ಮರಗಳ ನಿಷೇಧ ಮಂತ್ರದಂತೆ ಮರುಕಳಿಸುತ್ತದೆ. ಇದಕ್ಕೆ ಆಧಾರವಾಗಿ ಉದಾಹರಿಸಲ್ಪಡುವ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು ಎಲಿಯಟ್ ವೆಸೆಲ್ ಎಂಬ ವಿಜ್ಞಾನಿ 1967ರಲ್ಲಿ ಪ್ರಕಟಿಸಿದ್ದು: ಸೀಡರ್, ಪೈನ್ ಹೊಟ್ಟಿನ ಹಾಸಿಗೆಯ ಮೇಲೆ ಇರಿಸಿದ ಇಲಿಗಳ ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳು ಹೆಚ್ಚಿ, ಅವುಗಳಿಗೆ ಕೊಟ್ಟ ನಿದ್ರಾಜನಕದ ಪರಿಣಾಮ ಬೇಗ ಇಳಿದುಹೋಗುತ್ತಿತ್ತು. ಪ್ರಯೋಗ ನಡೆದದ್ದು ಸಸ್ತನಿಗಳ ಮೇಲೆ, ಅದೂ ಹೊಸ ಹೊಟ್ಟಿನೊಡನೆ. ವರ್ಷಗಟ್ಟಲೆ ಮಳೆಬಿಸಿಲಿಗೆ ಸಿಕ್ಕಿ ಸುವಾಸನೆ ಪೂರ್ಣವಾಗಿ ಆರಿಹೋದ ಪೈನ್ ಕೊರಡನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಮೂಗಿಗೆ ಇನ್ನೂ ಘಾಟು ಹೊಡೆಯುವ ಕಟ್ಟಿಗೆಯನ್ನು, ಅದು ಸೀಡರ್ ಆಗಲಿ ನಮ್ಮ ನೀಲಗಿರಿಯಾಗಲಿ, ಗಾಳಿಯಾಡದ ಬಿಸಿಪೆಟ್ಟಿಗೆಯಲ್ಲಿ ಇಡಬಾರದೆಂಬುದಕ್ಕೆ ಆ ಪ್ರಯೋಗ ಸಾಕಷ್ಟು ಬಲವಾದ ಕಾರಣವನ್ನು ಒದಗಿಸುತ್ತದೆ.

ಲಂಟಾನದ ಪ್ರಶ್ನೆ ಸ್ವಲ್ಪ ಸ್ವಾರಸ್ಯಕರವಾದುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು, ಕಾಡನ್ನೇ ನುಂಗುತ್ತಿರುವ ಈ ಪೊದೆಯ ಕಡ್ಡಿಗಳನ್ನು ಕಡಿದು, ನೀರಿನಲ್ಲಿ ಕುದಿಸಿ, ತೊಗಟೆ ಸುಲಿದು, ಬೆತ್ತಕ್ಕೆ ಬದಲಾಗಿ ಕುರ್ಚಿ ಮೇಜುಗಳನ್ನು ಹೆಣೆಯುತ್ತಾರೆ. ಕುದಿಸುವುದರಿಂದ ಕಡ್ಡಿ ಬಳಕುತ್ತದೆ, ತೊಗಟೆ ಸುಲಭವಾಗಿ ಬಿಡುತ್ತದೆ. ಕಾಡಿನ ಕಟ್ಟಿಗೆಯನ್ನು ಹದಗೊಳಿಸುವ ಕಲೆಗೆ ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಸಿಗದು. ಹೀಗಿದ್ದರೂ ಅದರ ಎಲೆಯನ್ನು ಮೆಂದ ದನಗಳು ಕಾಮಾಲೆಗೆ ತುತ್ತಾಗುವುದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ, ಕಂಡದ್ದನ್ನು ಕಚ್ಚಿನೋಡುವ ಇಗ್ವಾನದ ಗೂಡಿಗೆ ನಾನು ಅದನ್ನು ತರಲಾರೆ. ಕಚ್ಚದ, ಕೇವಲ ಸುತ್ತಿಕೊಳ್ಳುವ ಹಾವಿಗೆ ಸುಲಿದು ಕುದಿಸಿದ ಕಡ್ಡಿ ಕೆಡುಕು ಮಾಡೀತೆಂದು ಭಯಪಡಲಾರೆ.

ಮರ ಯಾವುದೆಂಬುದು ತಿಳಿದ ಮೇಲೆ ಅದು ಎಲ್ಲಿ ಬೆಳೆಯಿತೆಂಬುದನ್ನು ವಿಚಾರಿಸಬೇಕು. ಅಡಕೆಯ ಕೊಳೆರೋಗಕ್ಕೆಂದು ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಸಿಂಪಡಿಸುವ ತೋಟದಲ್ಲಿ ಕೆಳಗಿನ ಗಿಡಮರಗಳ ತೊಗಟೆಯ ಮೇಲೆಲ್ಲ ನೀಲಿಛಾಯೆಯ ಪುಡಿ ಕೂತಿರುತ್ತದೆ. ತಾಮ್ರದ ಆ ಅಂಶ ಕುದಿತಕ್ಕೆ ಜಗ್ಗುವಂಥದಲ್ಲ. ಬೀದಿಮರಗಳಿಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ, ಜಾಹೀರಾತಿನ ಮೊಳೆ, ಕೇಬಲ್ಲಿನ ತಂತಿ. ಮಲ್ಪೆ, ಕಾರವಾರಗಳ ಮರಳಿನ ಮೇಲೆ ಮಳೆಗಾಲದ ಅನಂತರ ಬಂದು ಬೀಳುವ ಕೊರಡುಗಳಿಗೆ ಅಲೆಗಳು ಕೊಟ್ಟ ರೂಪ ಅತ್ಯಂತ ಮನೋಹರ. ಆದರೆ ಒಳಗೆಲ್ಲ ಉಪ್ಪು. ಅವನ್ನು ವಾರಗಟ್ಟಲೆ ಸಿಹಿನೀರಿನಲ್ಲಿ ಮುಳುಗಿಸಿ, ಮೇಲಿಂದ ಮೇಲೆ ನೀರು ಬದಲಿಸಿ, ಉಪ್ಪು ಇಳಿಸಬೇಕು. ಹಳೆಯ ದೋಣಿಯ ತುಂಡಾಗಿದ್ದರೆ ಅದಕ್ಕೆ ಬಳಿದ ಎಣ್ಣೆ, ಬಣ್ಣಗಳ ಕಾರಣದಿಂದ ಮುಟ್ಟದೆ ಬರುವುದೇ ಒಳಿತು. ಕ್ರಿಯೋಸೋಟ್ ಕುಡಿದ ಹಳೆಯ ರೈಲ್ವೆ ಸ್ಲೀಪರ್, ಅಂಟು ಸೇರಿದ ಪ್ಲೈವುಡ್ ಇವುಗಳ ಮಾತೇ ಬೇಡ.

ಸಜೀವ, ನಿರ್ಜೀವ ಅಪಾಯಗಳೆರಡೂ ಒಂದೇ ಕೊರಡಿನಲ್ಲಿ ಹೇಗೆ ಕೂಡಿಬರುತ್ತವೆಂಬುದನ್ನು ಕಾಣಬೇಕಾದರೆ ಕೊಡಗು, ಚಿಕ್ಕಮಗಳೂರುಗಳ ಅರೇಬಿಕಾ ತೋಟದಿಂದ ಕಿತ್ತ ಕಾಫಿ ಗಿಡದ ಕಾಂಡವೊಂದನ್ನು ಕೈಗೆತ್ತಿಕೊಳ್ಳಬೇಕು. ಕಾಫಿಯ ಮರ ಗಡುಸಾದುದು, ಭಾರವಾದುದು, ನೋಡಲು ಸೊಗಸಾದುದು. ಪಕ್ಷಿಗಳ ಅಡ್ಡಗೋಲಿಗಾಗಿ, ಸರೀಸೃಪಗಳ ಕೊಂಬೆಗಾಗಿ ಇದಕ್ಕೆ ಬೇಡಿಕೆಯುಂಟು. ಆದರೆ ತೋಟಗಾರ ಗಿಡವನ್ನು ಕೀಳುವುದು ಅನೇಕ ವೇಳೆ ಬಿಳಿ ಕಾಂಡಕೊರಕದ ಬಾಧೆಯಿಂದ. ತೊಗಟೆಯ ಬಿರುಕಿನಲ್ಲಿ ಇಟ್ಟ ಮೊಟ್ಟೆಯಿಂದ ಹೊರಬಂದ ಹುಳು ಮರದೊಳಗೆ ಸುರಂಗ ಕೊರೆದುಕೊಂಡು ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತದೆ. ಹಿಂದಿನ ಹಾದಿಯನ್ನು ತನ್ನ ಹಿಕ್ಕೆಯ ಹುಡಿಯಿಂದ ಎಷ್ಟು ಬಿಗಿಯಾಗಿ ತುಂಬುತ್ತ ಸಾಗುತ್ತದೆಂದರೆ, ಕಾಂಡವನ್ನು ಸೀಳಿದಾಗಲೂ ಸುರಂಗವಿದ್ದ ಜಾಗ ಗಟ್ಟಿ ಮರದಂತೆಯೇ ತೋರುವುದುಂಟು. ಹೊರಗಿನಿಂದ ಕಾಣುವ ಸೂಚನೆಯೆಂದರೆ ಕಾಂಡದ ಮೈಮೇಲೆ ಬಳೆಯಂತೆ ಎದ್ದ ಏಣು. ಬೆರಳಾಡಿಸಿದರೆ ಅದು ಕೈಗೆ ತಿಳಿಯುತ್ತದೆ. ದುಂಬಿ ಹಾರಿಹೋದ ಮೇಲಷ್ಟೆ ಚಿಕ್ಕದೊಂದು ತೂತು ಉಳಿಯುತ್ತದೆ. ತೂತಿಲ್ಲದ ಕೊರಡೇ ಸುರಕ್ಷಿತವೆಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ತೂತಿಲ್ಲದೆ ಏಣು ಮಾತ್ರವಿದ್ದರೆ ಹುಳು ಇನ್ನೂ ಒಳಗಿದೆಯೆಂದು ಅರ್ಥ. ಕೊರಕದ ಹುಳು ಹಲ್ಲಿಗಾಗಲಿ ಹಾವಿಗಾಗಲಿ ಹಾನಿಮಾಡದು, ಹಲ್ಲಿಗೆ ಅದು ಆಹಾರವೇ ಆದೀತು. ಹಾನಿಯಿರುವುದು ತೋಟಗಳಿಗೆ, ರೋಗದ ಕಾಂಡವನ್ನು ಊರಿಂದೂರಿಗೆ ಸಾಗಿಸುವುದರಿಂದ. ಪ್ರಾಣಿಗೆ ಹಾನಿ ತರತಕ್ಕದ್ದು ಬೇರೊಂದು. ಇದೇ ಕೊರಕವನ್ನು ತಡೆಯಲು ಹಿಂದೆ ಕಾಂಡಕ್ಕೆ ಲಿಂಡೇನ್ ಬಳಿಯುವುದು ರೂಢಿಯಲ್ಲಿತ್ತು. ಬೇಗ ಕರಗಿಹೋಗದ ವರ್ಗಕ್ಕೆ ಸೇರಿದ ಆ ಕೀಟನಾಶಕ ಹಳೆಯ ತೊಗಟೆಯಲ್ಲಿ ಉಳಿದಿರಬಹುದು. ಆದುದರಿಂದ ಕಾಫಿಯ ಕಾಂಡವನ್ನು ತರುವವರು ತೋಟದವರನ್ನು ಕೇಳಿ ತರಬೇಕು, ತೊಗಟೆಯನ್ನು ಸಂಪೂರ್ಣವಾಗಿ ಕೆತ್ತಿ ತೆಗೆಯಬೇಕು, ಸಾಧ್ಯವಾದರೆ ಬುಡದ ಕಾಂಡವನ್ನು ಬಿಟ್ಟು ಮೇಲಿನ ರೆಂಬೆಗಳನ್ನು ಆರಿಸಬೇಕು.

ಈಗ ಶಾಖದ ವಿಚಾರ. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದಕ್ಕೆ ಊಹೆಯನ್ನು ಅವಲಂಬಿಸಬೇಕಾಗಿಲ್ಲ. ದೇಶದಿಂದ ದೇಶಕ್ಕೆ ಹೋಗುವ ಸರಕಿನ ಮರದ ಪೆಟ್ಟಿಗೆಗಳ ಮೂಲಕ ಕೀಟಗಳು ಹರಡದಂತೆ 2002ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಿಯಮವೊಂದಿದೆ: ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ತಲಪಿ, ಸತತವಾಗಿ 30 ನಿಮಿಷ ಅಲ್ಲಿ ನಿಲ್ಲತಕ್ಕದ್ದು. ಕೀಟಗಳಿಗೂ ಮರದ ದುಂಡುಹುಳಗಳಿಗೂ ಇಷ್ಟು ಸಾಕು. ಇದರ ರಹಸ್ಯವೆಲ್ಲ ‘ತಿರುಳಿನವರೆಗೂ’ ಎಂಬಲ್ಲಿದೆ. ಮರ ಶಾಖವನ್ನು ಬಹು ನಿಧಾನವಾಗಿ ಒಳಕ್ಕೆ ಬಿಟ್ಟುಕೊಡುವ ವಸ್ತು. ಹಬೆಯಲ್ಲಿ ಮರವನ್ನು ಬಗ್ಗಿಸುವ ಬಡಗಿಗಳು ಅಂಗುಲ ದಪ್ಪಕ್ಕೆ ಒಂದು ಗಂಟೆಯೆಂದು ಲೆಕ್ಕ ಹಾಕುವುದು ಈ ಕಾರಣದಿಂದಲೇ. ಒಂದು ಕೊಡ ಕುದಿನೀರನ್ನು ಮೇಲಿನಿಂದ ಸುರಿದು ಶುದ್ಧವಾಯಿತೆಂದು ಭಾವಿಸಿದರೆ ತೊಗಟೆಯ ಇರುವೆಗಳನ್ನು ಓಡಿಸಿದಂತಾಯಿತೇ ಹೊರತು ಹೆಚ್ಚೇನೂ ಆಗಲಿಲ್ಲ.

ಕುದಿಸುವುದಕ್ಕೆ ದೊಡ್ಡ ಪಾತ್ರೆ ಬೇಕೆಂಬುದು ಪಟ್ಟಣದವರ ತೊಡಕು. ಬಚ್ಚಲಿನ ಹಂಡೆಯೋ ಅಡಕೆ ಬೇಯಿಸುವ ಕೊಪ್ಪರಿಗೆಯೋ ಇರುವ ಮನೆಗಳಲ್ಲಿ ಅದು ತೊಡಕೇ ಅಲ್ಲ, ಆದರೆ ಮರದ ಗುಣ ನಿಶ್ಚಯವಾಗಿ ಗೊತ್ತಿಲ್ಲದಿದ್ದರೆ ಮನುಷ್ಯರ ಬಳಕೆಯ ಪಾತ್ರೆಗೆ ಅದನ್ನು ಇಳಿಸಬಾರದು. ಹೊಳಗೇರಿನಂಥದು ಅಕಸ್ಮಾತ್ ಸೇರಿದರೆ ಅದರ ರಸ ಪಾತ್ರೆಗಂಟಿ, ಮುಂದೆ ಆ ನೀರು ಮೈಗೆ ತಾಗಿದಾಗ ಕೆಡುಕಾದೀತು. ಮೊದಲು ಗಟ್ಟಿ ಬ್ರಷ್ಷಿನಿಂದ ಮಣ್ಣು ಪಾಚಿಗಳನ್ನು ಉಜ್ಜಿ ತೆಗೆದು, ಸಡಿಲ ತೊಗಟೆಯನ್ನೂ ಮೆತ್ತಗಾದ ಭಾಗವನ್ನೂ ಕೆತ್ತಿ, ಅನಂತರ ನೀರಿನಲ್ಲಿ ಮುಳುಗಿಸಿ ಒಂದೆರಡು ಗಂಟೆ, ತೋಳಿನ ದಪ್ಪದ್ದಾದರೆ ಇನ್ನೂ ಹೆಚ್ಚು, ಕುದಿಸಬೇಕು. ನೀರು ಚೊಗರಿನ ಬಣ್ಣಕ್ಕೆ ತಿರುಗುತ್ತದೆ. ಇದು ಒಗರಿನ ಅಂಶ ಇಳಿಯುವ ಲಕ್ಷಣ; ಒಣಗೂಡಿನ ಪ್ರಾಣಿಗೆ ಅದರಿಂದ ತೊಂದರೆಯಿಲ್ಲ, ಆದರೆ ನೀರಿನ ತೊಟ್ಟಿಯಿರುವ ಗೂಡಿನಲ್ಲಿ ಕೊರಡು ದಿನದಿನವೂ ನೀರನ್ನು ಕೆಂಪಾಗಿಸುವುದಾದ್ದರಿಂದ ಎರಡು ಮೂರು ನೀರು ಬದಲಿಸಿ ಕುದಿಸುವುದು ವಾಡಿಕೆ.

ಓವನ್ ಇದ್ದವರು 95ರಿಂದ 120 ಡಿಗ್ರಿಯ ನಡುವೆ ಒಂದೆರಡು ಗಂಟೆ ಇಡುತ್ತಾರೆ. ರಾಳವುಳ್ಳ ಮರ ಹೊಗೆಯಾಡುತ್ತದೆ, ಹೊತ್ತಿಕೊಳ್ಳಲೂಬಹುದು. ಆದ್ದರಿಂದ ಇಟ್ಟು ಹೊರಗೆ ಹೋಗುವ ಕೆಲಸವಿದಲ್ಲ. ಮೈಕ್ರೊವೇವ್ ಇನ್ನೂ ಅಪಾಯಕರ, ಅದರಲ್ಲಿ ಮರ ಒಳಗಿನಿಂದಲೇ ಕಾದು ಕಮರುತ್ತದೆ. ಹೆಪ್ಪುಪೆಟ್ಟಿಗೆಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ವಾರವೋ ಹೆಚ್ಚೋ ಇರಿಸಿ ಕೀಟಗಳನ್ನು ಕೊಲ್ಲುವುದು ವಸ್ತುಸಂಗ್ರಹಾಲಯಗಳ ಕ್ರಮ. ಸೂಕ್ಷ್ಮಜೀವಿಗಳಿಗೆ ಅದು ಕೇವಲ ನಿದ್ರೆ.

ಬ್ಲೀಚಿಂಗ್ ದ್ರಾವಣದ ಬಗ್ಗೆ ನನಗೆ ಅಷ್ಟೊಂದು ಆದರವಿಲ್ಲ. ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ನೀರು ಎಂಬ ಪ್ರಮಾಣ ಗಾಜಿಗೂ ಪ್ಲಾಸ್ಟಿಕ್ಕಿಗೂ ಒಪ್ಪುವಂಥದು. ಮರವಾದರೋ ಸ್ವತಃ ಸಾವಯವ ಪದಾರ್ಥ. ಕ್ಲೋರಿನ್ನಿನ ಶಕ್ತಿಯೆಲ್ಲ ಮರದ ಮೇಲ್ಪದರದಲ್ಲಿಯೇ ವ್ಯಯವಾಗಿಹೋಗಿ, ಒಳಗಿನ ಜೀವಿಗಳು ಸ್ವಸ್ಥವಾಗಿ ಉಳಿಯುತ್ತವೆ, ಮತ್ತು ಮರ ಹೀರಿಕೊಂಡ ದ್ರಾವಣ ಎಷ್ಟು ತೊಳೆದರೂ ವಾಸನೆಯ ರೂಪದಲ್ಲಿ ದಿನಗಟ್ಟಲೆ ಹೊರಬರುತ್ತಿರುತ್ತದೆ. ಬಳಸಲೇಬೇಕಾದರೆ ವಾಸನೆ ಲೇಶವೂ ಉಳಿಯದವರೆಗೆ ನೀರಿನಲ್ಲಿ ನೆನಸಿ ಬಿಸಿಲಿಗಿಡಬೇಕು. ಫಿನಾಯಿಲ್ ಮೊದಲಾದ ಫೀನಾಲ್ ವರ್ಗದವು ಸರೀಸೃಪಗಳಿಗೆ ವಿಷವಾದ್ದರಿಂದ ಅವನ್ನು ಮರಕ್ಕೆ ಸೋಕಿಸಲೂ ಕೂಡದು.

ಯಾವ ವಿಧಾನವನ್ನು ಹಿಡಿದರೂ ಕೊನೆಯಲ್ಲಿ ಒಣಗಿಸುವುದೊಂದುಂಟು. ಅವಸರದಲ್ಲಿ ಇದನ್ನೇ ಬಿಟ್ಟುಬಿಡುವವರು ಬಹಳ. ಮರದ ತೇವ ಸುಮಾರು ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ನೆಲೆಯಿಲ್ಲ. ಕುದಿಸಿದ ಕೊರಡನ್ನು ಹಸಿಯಾಗಿಯೇ ಬೆಚ್ಚಗಿನ ಪೆಟ್ಟಿಗೆಗೆ ಸೇರಿಸಿದರೆ ವಾರದೊಳಗೆ ಬಿಳಿಯ ಬೂಷ್ಟು ಆವರಿಸುತ್ತದೆ. ಕುದಿಸಿದ್ದರಿಂದ ಅಲ್ಲಿದ್ದ ಪ್ರತಿಸ್ಪರ್ಧಿಗಳೆಲ್ಲ ಸತ್ತು, ಮೊದಲು ಬಂದ ಬೂಷ್ಟಿಗೆ ಸಾಮ್ರಾಜ್ಯವೇ ದೊರೆತಂತಾಗುತ್ತದೆ. ನೆರಳುಬಿಸಿಲಿನಲ್ಲಿ, ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲಿರಿಸಿ, ವಾರಗಳ ಕಾಲ ಒಣಗಿಸಿ, ಕೆಳಗೆ ಬಿಳಿಯ ಕಾಗದ ಹಾಸಿಟ್ಟರೆ ಇನ್ನೊಂದು ಪರೀಕ್ಷೆಯೂ ಆದಂತೆ: ಕಾಗದದ ಮೇಲೆ ಗೋಧಿಹಿಟ್ಟಿನಂಥ ನುಣ್ಣನೆಯ ಹುಡಿ ಬಿದ್ದಿದ್ದರೆ ಒಳಗೆ ಇನ್ನೂ ಕೊರೆಯುವವರಿದ್ದಾರೆ.

ಶುದ್ಧಿಯೇ ಬೇಡವೆನ್ನುವವರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಆಗುಂಬೆಯ ಕಾಡಿನಲ್ಲಿ ಕಾಳಿಂಗಸರ್ಪ ತರಗೆಲೆಗಳನ್ನು ಗುಡ್ಡೆಹಾಕಿ, ಕೊಳೆಯುವ ಆ ರಾಶಿಯ ನಡುವೆ ಮೊಟ್ಟೆಯಿಡುತ್ತದೆ. ಶಿಲೀಂಧ್ರಗಳ ರಾಜ್ಯದಲ್ಲಿಯೇ ಅದರ ಸಂತಾನ ಕಣ್ಣು ಬಿಡುತ್ತದೆ. ಮಣ್ಣು, ಗಿಡ, ಸಣ್ಣ ಕೀಟಗಳನ್ನೆಲ್ಲ ಸೇರಿಸಿ ಗೂಡಿನಲ್ಲಿಯೇ ಪುಟ್ಟ ಕಾಡನ್ನು ನಿರ್ಮಿಸುವ ಕ್ರಮ ಈಚೆಗೆ ರೂಢಿಗೆ ಬಂದಿದ್ದು, ಅಲ್ಲಿ ಕೊರಡನ್ನು ಪೂರ್ತಿಯಾಗಿ ನಿರ್ಜೀವಗೊಳಿಸಿದರೆ ಉದ್ದೇಶವೇ ಕೆಡುತ್ತದೆ. ಆದರೆ ಕಾಡಿನ ಹಾವಿಗೆ ಉಣ್ಣೆ ಹತ್ತಿದರೆ ಅದು ಬೇರೆಡೆಗೆ ಹೋಗಬಲ್ಲದು, ಗಾಜಿನ ಪೆಟ್ಟಿಗೆಯ ಹಾವು ಅದೇ ನಾಲ್ಕು ಅಡಿಯಲ್ಲಿ ಮತ್ತೆ ಮತ್ತೆ ಅದೇ ಉಣ್ಣೆಗಳ ಸಂತತಿಯನ್ನು ಎದುರಿಸಬೇಕು. ಪ್ರಾಣಿ ಓಡಿಹೋಗಲಾರದೆಂಬ ಈ ಒಂದು ಸಂಗತಿಯಿಂದಲೇ ನಮ್ಮ ಜವಾಬ್ದಾರಿ ಹುಟ್ಟುತ್ತದೆ.

ವಿಚಿತ್ರವೆಂದರೆ, ಕಾಡಿನಿಂದ ಬಂದ ಕೊರಡಿಗೆ ಇಷ್ಟೆಲ್ಲ ಉಪಚಾರ ಮಾಡುವವರು ಸ್ನೇಹಿತರ ಗೂಡಿನಿಂದ ಬಂದ ಕೊರಡನ್ನು ಒರಸಿ ಬಳಸಿಬಿಡುತ್ತಾರೆ. ಹಾವುಗಳ ರಕ್ತ ಹೀರುವ ನುಸಿ, ಕರುಳಿಗೆ ತಗಲಿದರೆ ಬಿಡದ ಕ್ರಿಪ್ಟೊಸ್ಪೊರಿಡಿಯಂ, ಸಾಲ್ಮೊನೆಲ್ಲಾ ಇವುಗಳೆಲ್ಲ ಪ್ರಾಯಶಃ ಬರುವುದು ಮತ್ತೊಂದು ಸಾಕಿದ ಸರೀಸೃಪದಿಂದ. ಕ್ರಿಪ್ಟೊಸ್ಪೊರಿಡಿಯಮ್ಮಿನ ಕೋಶಗಳಂತೂ ಬ್ಲೀಚಿಂಗ್ ದ್ರಾವಣಕ್ಕೆ ಹೆದರುವುದಿಲ್ಲ, ಕುದಿಯುವ ನೀರಿಗೆ ಹೆದರುತ್ತವೆ. ಎರಡರಲ್ಲಿ ಒಂದನ್ನು ಮಾತ್ರ ಕುದಿಸಲು ಸೌದೆಯಿದ್ದರೆ ಕಾಡಿನದನ್ನು ಬಿಟ್ಟು ಸ್ನೇಹಿತರದನ್ನೇ ನಾನು ಹಂಡೆಗೆ ಹಾಕುವೆನು.

ಇಷ್ಟರ ಮೇಲೂ ಕೊರಡು ಉರುಳಿ ಮೈಮೇಲೆ ಬಿದ್ದು ಪ್ರಾಣಿ ನಲುಗುವುದುಂಟು. ಭಾರದ ಕೊರಡನ್ನು ಮಣ್ಣು ಮರಳುಗಳ ಮೇಲೆ ಇಡದೆ, ಮೊದಲು ಪೆಟ್ಟಿಗೆಯ ತಳಕ್ಕೆ ಊರಿ ಆಮೇಲೆ ಮಣ್ಣು ತುಂಬಬೇಕು. ಇಲ್ಲದಿದ್ದರೆ ಕೆಳಗೆ ಬಿಲ ತೋಡುವ ಹಲ್ಲಿ ತನ್ನ ಮೇಲೆಯೇ ಅದನ್ನು ಕೆಡವಿಕೊಳ್ಳುತ್ತದೆ. ಕೊಂಬೆಯ ತುದಿ ಕಾವಿನ ದೀಪಕ್ಕೆ ಹತ್ತಿರವಾದಲ್ಲಿ ಹಾವು ಸುಟ್ಟುಕೊಂಡೀತು. ದೀಪಕ್ಕೆ ತಂತಿಯ ಬುಟ್ಟಿ ಕಟ್ಟಿಯೇ ಕೊಂಬೆಯನ್ನು ನಿಲ್ಲಿಸಬೇಕು. ಸೀಳು, ಮುಳ್ಳು, ಕತ್ತರಿಸಿದ ತುದಿಗಳನ್ನು ಮರಳುಕಾಗದದಿಂದ ಉಜ್ಜಿರಬೇಕು.

ಗೂಡಿನಲ್ಲಿ ಸೋಂಕುರೋಗದಿಂದ ಪ್ರಾಣಿಯೊಂದು ಸತ್ತರೆ ಅಲ್ಲಿದ್ದ ಮರವನ್ನು ಉಳಿಸಿಕೊಳ್ಳುವ ಆಸೆಯನ್ನು ಬಿಡುವುದೇ ಸರಿ. ಸೀಬೆ, ಹುಣಸೆ, ಕಾಫಿಗಳು ಹಂಡೆಯೊಲೆಗೆ ಹೋಗಬಹುದು. ಹೆಸರು ತಿಳಿಯದ ಕೊರಡನ್ನೂ, ಗುರುತಿಸದೆ ತಂದು ಆಮೇಲೆ ಕಣಗಿಲೆಯೆಂದೋ ಹೊಳಗೇರೆಂದೋ ಗೊತ್ತಾದದ್ದನ್ನೂ ಒಲೆಗೆ ಹಾಕಬಾರದು, ಅವುಗಳ ಹೊಗೆಯೂ ಅಪಾಯಕರ. ದನಕರುಗಳು ಮೇಯದ ಮೂಲೆಯಲ್ಲಿ ಗುಂಡಿ ತೋಡಿ ಹೂಳಬೇಕು.